ಪೊಟ್ಟಣದ ಮೇಲಿನ ಹಲಾಲ್ ಮುದ್ರೆ

‘ಹಲಾಲ್’ ಎಂಬುದು ಅರಬ್ಬೀ ಶಬ್ದ. ಧರ್ಮದ ಕಟ್ಟಳೆಗೆ ಒಪ್ಪಿದ್ದು ಎಂದು ಅದರ ಅರ್ಥ. ಒಪ್ಪದ್ದು ‘ಹರಾಮ್’. ಈ ಜೋಡಿಯಲ್ಲಿ ಎರಡನೆಯದೇ ಕನ್ನಡಿಗರ ನಾಲಿಗೆಗೆ ಹೆಚ್ಚು ಪರಿಚಿತ. ‘ಹರಾಮಖೋರ’ ಎಂದು ಬೈಯುವವರಿಗೆ ಅದು ಹೊರಗಿನಿಂದ ಬಂದ ಮಾತೆಂಬ ನೆನಪೂ ಇರುವುದಿಲ್ಲ. ಈಗ ‘ಹಲಾಲ್’ ಕೂಡ ಬಿಸ್ಕತ್ತು, ಸಾಬೂನು, ಎಣ್ಣೆಗಳ ಪೊಟ್ಟಣವೇರಿ ನಮ್ಮ ಮನೆಗಳಿಗೆ ಬಂದಿದೆ. ಮಾಂಸಕ್ಕಾದರೆ ಸರಿ, ತೆಂಗಿನ ಪದಾರ್ಥಕ್ಕೆ ಈ ಮುದ್ರೆ ಏತಕ್ಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನು ದಾಟಬೇಕಾಗಿಲ್ಲ.

ಮೊದಲು ಮಾಂಸವನ್ನೇ ನೋಡೋಣ. ಪ್ರಾಣಿಯು ತಿನ್ನಲು ಅನುಮತಿಯುಳ್ಳ ಜಾತಿಯದಾಗಿರಬೇಕು. ಕೊಯ್ಯುವ ವೇಳೆಗೆ ಜೀವಂತವಾಗಿರಬೇಕು. ದೇವರ ಹೆಸರು ಹೇಳಿ ಹರಿತವಾದ ಕತ್ತಿಯಿಂದ ಕುತ್ತಿಗೆ ಕೊಯ್ದು ರಕ್ತ ಬಸಿಯಬೇಕು. ಹಂದಿ, ರಕ್ತ, ತಾನಾಗಿ ಸತ್ತ ಪ್ರಾಣಿ, ಮದ್ಯ ಇವು ನಿಷಿದ್ಧ. ಕೊಯಮತ್ತೂರಿನ ಕೋಟೈಮೇಡಿನಲ್ಲಿ ತನ್ನ ಬೀದಿಯ ಅಂಗಡಿಯಿಂದ ಮಾಂಸ ಒಯ್ಯುವ ಮುಸಲ್ಮಾನ ಗೃಹಸ್ಥನಿಗೆ ಯಾವ ಪತ್ರವೂ ಬೇಡ. ಕಸಾಯಿಯ ಪರಿಚಯ ಅವನಿಗಿದೆ. ಕೊಯ್ಯುವುದು ಕಣ್ಣೆದುರಿಗೇ ನಡೆಯುತ್ತದೆ. ಪಲ್ಲಡಂ ಸುತ್ತಿನ ಫಾರಂಗಳ ಕೋಳಿ ಜೀವಂತವಾಗಿ ಅಂಗಡಿಗೆ ಬಂದು ಅಲ್ಲೇ ಕೊಯ್ಯಿಸಿಕೊಳ್ಳುವಾಗಲೂ ಹೀಗೆಯೇ. ಅದೇ ಕೋಳಿ ಶೈತ್ಯಾಗಾರ ಸೇರಿ, ಪೆಟ್ಟಿಗೆಯಲ್ಲಿ ಸಮುದ್ರ ದಾಟಿದರೆ ತಿನ್ನುವವನಿಗೆ ಕೊಯ್ದವನ ಮುಖ ಕಾಣದು. ಆಗ ನಡುವೆ ಒಬ್ಬ ಸಾಕ್ಷಿ ಬೇಕಾಗುತ್ತಾನೆ. ಆ ಸಾಕ್ಷಿಯ ಮಾತೇ ಪ್ರಮಾಣಪತ್ರ.

ಕಾರ್ಖಾನೆಯ ಪದಾರ್ಥಗಳಲ್ಲಿ ಈ ಕಾಣದ ಭಾಗ ಇನ್ನೂ ದೊಡ್ಡದು. ಔಷಧದ ಕ್ಯಾಪ್ಸೂಲಿಗೂ ಜೆಲ್ಲಿ ಮಿಠಾಯಿಗೂ ಬಳಸುವ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ಬರುತ್ತದೆ. ಸಾಬೂನು, ಹಲ್ಲಿನ ಪೇಸ್ಟುಗಳ ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಬಿಸ್ಕತ್ತಿನ ಪೊಟ್ಟಣದ ಮೇಲೆ 471 ಎಂಬ ಸಂಖ್ಯೆ ಕಂಡರೆ ಅದೂ ಅಂಥದೇ; ಸಂಖ್ಯೆಯೊಂದೇ ಮೂಲವನ್ನು ಹೇಳುವುದಿಲ್ಲ. ಕೆಂಪು ಬಣ್ಣದ 120 ಒಂದು ಬಗೆಯ ಕೀಟದಿಂದ ತೆಗೆದದ್ದು.

ಇನ್ನು ತೆಂಗು. ಪೊಳ್ಳಾಚಿ ಸೀಮೆಯ ಒಣತುರಿ, ತೆಂಗಿನ ಹಾಲಿನ ಪುಡಿಗಳನ್ನು ಹೊರದೇಶಕ್ಕೆ ಕಳುಹಿಸುವವರಲ್ಲಿ ಹಲವರು ಹಲಾಲ್ ಪತ್ರವನ್ನೂ, ಯೆಹೂದ್ಯರ ‘ಕೋಷರ್’ ಪತ್ರವನ್ನೂ ಪಡೆದಿರುತ್ತಾರೆ. ತೆಂಗಿನಕಾಯಿ ಸ್ವತಃ ಯಾರಿಗೂ ನಿಷಿದ್ಧವಲ್ಲ. ಆದರೆ ಪರೀಕ್ಷಕರು ಕೇಳುವುದು ಕಾಯಿಯನ್ನು ಕುರಿತಲ್ಲ. ಪುಡಿಗೆ ಬೆರೆಸಿದ್ದೇನು? ಅದೇ ಯಂತ್ರದಲ್ಲಿ ಬೇರೇನು ತಯಾರಾಗುತ್ತದೆ? ನಡುವೆ ತೊಳೆದರೋ ಇಲ್ಲವೋ? ಕಾಂಗೇಯಂ ಗಾಣಗಳಂಥ ಕಡೆಯಿಂದ ಎಣ್ಣೆ ಒಯ್ಯುವ ಟ್ಯಾಂಕರು ಹಿಂದಿನ ಸಲ ಕೊಬ್ಬು ತುಂಬಿತ್ತೆ? ಕಾರ್ಖಾನೆಯವರು ಪ್ರತಿಯೊಂದು ಕಚ್ಚಾ ಸಾಮಗ್ರಿಯ ಪಟ್ಟಿಯನ್ನೂ ಮಾರಾಟಗಾರರ ಪತ್ರಗಳನ್ನೂ ಒದಗಿಸಬೇಕು. ಪರೀಕ್ಷಕರು ಸ್ಥಳಕ್ಕೆ ಬಂದು ನೋಡುತ್ತಾರೆ. ಧರ್ಮಶಾಸ್ತ್ರ ಬಲ್ಲವರೂ ಆಹಾರಶಾಸ್ತ್ರ ಬಲ್ಲವರೂ ಕೂಡಿ ತೀರ್ಮಾನಿಸುತ್ತಾರೆ. ಪತ್ರಕ್ಕೆ ಅವಧಿಯುಂಟು, ಶುಲ್ಕವೂ ಉಂಟು.

ಶುಲ್ಕ ಕೊಟ್ಟು ಇದನ್ನು ಏಕೆ ಪಡೆಯುತ್ತಾರೆಂದರೆ, ಕೊಳ್ಳುವ ದೇಶ ಕೇಳುತ್ತದೆ. ಮಲೇಷ್ಯದಲ್ಲಿ ಸರ್ಕಾರವೇ 1974ರಿಂದ ಹಲಾಲ್ ಪತ್ರ ಕೊಡತೊಡಗಿತು. ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಕೋಡೆಕ್ಸ್ ಆಯೋಗವು ಆ ಶಬ್ದವನ್ನು ಹೇಗೆ ಬಳಸಬೇಕೆಂದು 1997ರಲ್ಲಿ ಸೂಚಿಸಿತು. ಪಂಥಗಳ ನಡುವೆ ಸಣ್ಣಪುಟ್ಟ ಮತಭೇದಗಳಿರುವುದನ್ನೂ ಅದು ಒಪ್ಪಿಕೊಂಡಿತು. ಇಂಡೋನೇಷ್ಯವು 2014ರಲ್ಲಿ ಕಾಯಿದೆ ಮಾಡಿ, ದೊಡ್ಡ ಮತ್ತು ಮಧ್ಯಮ ಉದ್ಯಮಗಳ ಆಹಾರ, ಪಾನೀಯಗಳಿಗೆ 2024ರ ಅಕ್ಟೋಬರಿನಿಂದ ಇದನ್ನು ಕಡ್ಡಾಯಗೊಳಿಸಿತು.

ನಮ್ಮ ದೇಶದ ಪರಿಸ್ಥಿತಿ ಬೇರೆ. ಇಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಕಡ್ಡಾಯ. ಹಲಾಲ್ ಪತ್ರ ಕಡ್ಡಾಯವಲ್ಲ, ಖಾಸಗಿ ಸಂಸ್ಥೆಗಳು ಅದನ್ನು ಕೊಡುತ್ತ ಬಂದಿವೆ. ಹಲಾಲ್ ಎಂದು ರಫ್ತಾಗುವ ಮಾಂಸಕ್ಕೆ ಮಾತ್ರ, ಪತ್ರ ಕೊಡುವ ಸಂಸ್ಥೆಗೇ ಮಾನ್ಯತೆ ಇರಬೇಕೆಂದು ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ ನಿಯಮ ಮಾಡಿತು. ಸಾಕ್ಷಿಯನ್ನು ಪರೀಕ್ಷಿಸುವ ಈ ಏರ್ಪಾಡು ಬಹಳ ತಡವಾಯಿತೆಂದೇ ನಮ್ಮ ಅಭಿಪ್ರಾಯ. ಅಷ್ಟರಲ್ಲಿ ಜಗಳಗಳಾಗಿದ್ದವು. 2022ರ ಯುಗಾದಿಯ ಸಮಯದಲ್ಲಿ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿರೆಂಬ ಕೂಗು ಕರ್ನಾಟಕದಲ್ಲಿ ಎದ್ದಿತು. ಉತ್ತರ ಪ್ರದೇಶವು 2023ರ ನವೆಂಬರಿನಲ್ಲಿ, ರಫ್ತನ್ನು ಬಿಟ್ಟು, ಹಲಾಲ್ ಪ್ರಮಾಣಿತ ಆಹಾರದ ತಯಾರಿಕೆ, ಮಾರಾಟಗಳನ್ನು ನಿಷೇಧಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬೇಡದ ಪದಾರ್ಥಕ್ಕೂ ಮುದ್ರೆ ಒತ್ತಿಸಿ ಅದರ ಖರ್ಚನ್ನು ಎಲ್ಲರ ತಲೆಗೆ ಹಾಕುವುದೇಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಪ್ರಶ್ನೆ ವ್ಯಾಪಾರಿಗೆ ಸಲ್ಲಬೇಕಾದದ್ದು. ಬೀದಿ ಕೊನೆಯಲ್ಲಿ ಎರಡು ಕೋಳಿ ಕೊಯ್ದು ಹೊಟ್ಟೆ ಹೊರೆಯುವವನಿಗಲ್ಲ. ಅವನ ಬಳಿ ಮುದ್ರೆಯೂ ಇಲ್ಲ, ಶುಲ್ಕ ಕಟ್ಟಿದವನೂ ಅವನಲ್ಲ.

ಮುದ್ರೆ ಎಷ್ಟನ್ನು ಹೇಳುತ್ತದೋ ಅಷ್ಟನ್ನೇ ನಂಬಬೇಕು. ನಮ್ಮಲ್ಲಿ 2001ರಿಂದ ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಇದೆ. ಅದನ್ನು ಹಾಕುವವನು ತಯಾರಕನೇ. ಹಾಲು, ಜೇನುತುಪ್ಪಗಳಿಗೆ ಹಸಿರೇ ಸಲ್ಲುತ್ತದೆ; ಮೊಟ್ಟೆಗೆ ಸಲ್ಲದು. ಮದ್ಯಸಾರದಲ್ಲಿ ಕರಗಿಸಿದ ಸುವಾಸನೆಯನ್ನು ಅದು ಪ್ರಶ್ನಿಸುವುದೇ ಇಲ್ಲ. ತಿರುಪ್ಪೂರಿನ ಬನಿಯನ್ನುಗಳ ಮಾತೂ ಇದೇ. ‘ಓಕೋ-ಟೆಕ್ಸ್ 100’ ಎಂಬ ಚೀಟಿ, ಬಟ್ಟೆಯಲ್ಲಿ ಮೈಗೆ ಕೆಡುಕಾಗುವ ರಾಸಾಯನಿಕಗಳು ಮಿತಿ ಮೀರಿಲ್ಲವೆಂದು ಹೇಳುತ್ತದೆ. ಬಣ್ಣದ ನೀರು ಎಲ್ಲಿಗೆ ಹೋಯಿತೆಂದು ಆ ಚೀಟಿಯನ್ನು ಕೇಳಿ ಫಲವಿಲ್ಲ. ನೊಯ್ಯಲ್ ನದಿಯನ್ನು ಕೆಡಿಸಿದ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಲು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆಜ್ಞೆಯೇ ಬೇಕಾಯಿತು. ಹಲಾಲ್ ಮುದ್ರೆಯೂ ಹಾಗೆಯೇ: ಧರ್ಮದ ಕಟ್ಟಳೆ ಮೀರಿಲ್ಲವೆಂಬುದಕ್ಕೆ ಅದು ಸಾಕ್ಷಿ. ಸಕ್ಕರೆ ಹೆಚ್ಚಾಯಿತೇ, ಕೂಲಿ ಸರಿಯಾಗಿ ಕೊಟ್ಟರೇ ಎಂಬುದಕ್ಕಲ್ಲ.

ಅಭ್ಯಾಸ: ಮನೆಯಲ್ಲಿರುವ ಮೂರು ಪೊಟ್ಟಣಗಳನ್ನು ತೆಗೆದುಕೊಂಡು ಅವುಗಳ ಮೇಲಿನ ಮುದ್ರೆಗಳನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ. ಪ್ರತಿಯೊಂದರ ಎದುರಿಗೆ, ಕೊಟ್ಟವರು ಯಾರು, ಯಾವುದಕ್ಕೆ ಸಾಕ್ಷಿ, ಕಾನೂನು ಹೇರಿದ್ದೋ ವ್ಯಾಪಾರಿ ಬಯಸಿ ಪಡೆದದ್ದೋ ಎಂಬುದನ್ನು ತುಂಬಿರಿ. 471 ಎಂಬ ಸಂಖ್ಯೆ ಸಿಕ್ಕಿದರೆ, ಆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೋ ಇಲ್ಲವೋ ನೋಡಿ, ಅದರಿಂದ ಆ ಪದಾರ್ಥದ ಮೂಲ ಯಾವುದೆಂದು ಊಹಿಸಿ ಬರೆಯಿರಿ.