ರಜೆಯ ಪಯಣದಲ್ಲಿ ಒಂದು ಇರುಳು



ಚಳಿಗಾಲದ ರಜೆ ಬಂದಿತೆಂದರೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಊರನ್ನು ಸೇರುವ ಆತುರದಲ್ಲಿ ನಡುವಣ ದಾರಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾರಿಯೆಂದರೆ ಹೇಗಾದರೂ ಕಳೆಯಬೇಕಾದ ಹೊತ್ತು ಎಂಬುದೇ ನಮ್ಮ ಎಣಿಕೆ. ಕಳೆದ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತಂಗಬೇಕಾಗಿ ಬಂದ ಒಂದು ಇರುಳು ಆ ಎಣಿಕೆ ತಪ್ಪೆಂದು ನನಗೂ ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೂ ತೋರಿಸಿಕೊಟ್ಟಿತು.

ನಮ್ಮ ಊರು ವಿಜಯಪುರ. ದೆಹಲಿಯಿಂದ ಸೊಲ್ಲಾಪುರದವರೆಗೆ ಸುಮಾರು 1,700 ಕಿಲೋಮೀಟರು. ಅಲ್ಲಿ ಬಂಡಿ ಬದಲಿಸಿದರೆ ಊರು ಇನ್ನು ಸುಮಾರು ನೂರು ಕಿಲೋಮೀಟರು ಮಾತ್ರ. ಆದರೆ ಅಂದು ದೆಹಲಿಯನ್ನು ಬಿಡುವಾಗಲೇ ತಡವಾಯಿತು. ಕಾರಣ ಮಂಜು.

ಮಂಜು ಹೇಗೆ ಕವಿಯುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇರುಳು ದೀರ್ಘವಾಗಿರುತ್ತದೆ. ಮೋಡವಿಲ್ಲದ ಇರುಳಿನಲ್ಲಿ ನೆಲವು ಹಗಲು ಪಡೆದ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿಯೂ ತಣ್ಣಗಾಗಿ, ಅದರಲ್ಲಿರುವ ನೀರಾವಿಯು ಸೂಕ್ಷ್ಮವಾದ ಹನಿಗಳಾಗುತ್ತದೆ. ಗಾಳಿ ಬೀಸದಿದ್ದರೆ ಆ ಹನಿಗಳು ಗಂಗಾ ಯಮುನೆಗಳ ಬಯಲಿನ ಮೇಲೆ ಹಾಗೆಯೇ ನಿಲ್ಲುತ್ತವೆ; ನಗರದ ಹೊಗೆ ಧೂಳುಗಳು ಮಂಜನ್ನು ಇನ್ನಷ್ಟು ದಟ್ಟವಾಗಿಸುತ್ತವೆ. ಸಂಕೇತದ ದೀಪವೇ ಕಾಣದಿರುವಾಗ ಚಾಲಕನು ವೇಗವನ್ನು ತಗ್ಗಿಸಲೇಬೇಕು. ಸಂಕೇತದ ಕಂಬಕ್ಕೆ ಮುಂಚಿತವಾಗಿ ಹಳಿಯ ಮೇಲೆ ಸಿಡಿಮದ್ದಿನ ಪುಟ್ಟ ಬಿಲ್ಲೆಗಳನ್ನಿಟ್ಟು, ಗಾಲಿಯಡಿ ಅವು ಸಿಡಿಯುವ ಸದ್ದಿನಿಂದ ಚಾಲಕನನ್ನು ಎಚ್ಚರಿಸುವ ಪದ್ಧತಿಯುಂಟು. ಮುಂಬರುವ ಸಂಕೇತವನ್ನು ತಿಳಿಸುವ ಉಪಕರಣಗಳೂ ಈಗ ಬಳಕೆಗೆ ಬಂದಿವೆ. ತಡವಾಯಿತೆಂದು ಗೊಣಗುವ ಮೊದಲು, ಆ ತಡವೇ ನಮ್ಮನ್ನು ಕಾಯುತ್ತಿದೆಯೆಂಬುದನ್ನು ನೆನೆಯಬೇಕು.

ಮರುದಿನ ಬೆಳಗಾದ ಮೇಲೆ ಮಂಜು ಹಿಂದೆ ಉಳಿಯಿತು. ಕಿಟಕಿಯ ಬಳಿ ಕುಳಿತ ಮಗಳಿಗೆ ನದಿಗಳನ್ನು ಎಣಿಸಲು ಹೇಳಿದೆನು. ಆಗ್ರಾ ದಾಟಿದ ಮೇಲೆ ಸಿಕ್ಕ ಚಂಬಲ್ ನದಿ ಯಮುನೆಯನ್ನು ಸೇರಿ, ಗಂಗೆಯ ಜೊತೆಗೆ ಮೂಡಣ ಕಡಲಿಗೆ ಹೋಗುತ್ತದೆ. ವಿಂಧ್ಯವನ್ನಿಳಿದ ಮೇಲೆ ಬರುವ ನರ್ಮದೆಯೂ, ಅದರ ತೆಂಕಣ ತಾಪಿಯೂ ಪಡುವಣ ಕಡಲಿಗೆ ಹರಿಯುತ್ತವೆ. ಕೋಪರಗಾಂವದ ಹತ್ತಿರ ಗೋದಾವರಿ, ದೌಂಡದ ಹತ್ತಿರ ಭೀಮೆ; ಇವು ಮತ್ತೆ ಮೂಡಣಕ್ಕೆ. ಭೂಗೋಳದ ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ನಿಲ್ಲದ ವಿಷಯವು ಒಂದೇ ದಿನದಲ್ಲಿ ಅವಳ ಮನಸ್ಸಿನಲ್ಲಿ ನಿಂತಿತು.

ಸೊಲ್ಲಾಪುರವನ್ನು ತಲುಪಿದಾಗ ನಡುರಾತ್ರಿ ಮೀರಿತ್ತು. ನಾವು ಹಿಡಿಯಬೇಕೆಂದಿದ್ದ ಬಂಡಿ ಹೋಗಿಬಿಟ್ಟಿತ್ತು. ಮರುದಿನ ಹಗಲಿನ ಬಂಡಿಗೆ ಕಾಯಬೇಕೆಂದು ನಿಲ್ದಾಣದ ತಂಗುಕೋಣೆಗೆ ಹೋದೆವು. ಅಲ್ಲಿ ಒಬ್ಬ ವೃದ್ಧೆ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದ ಜಾಗ ಬರಿದಾಗಿದೆಯೇ ಎಂದು ನನ್ನ ಮಗಳು ರೂಢಿಯಂತೆ ಹಿಂದಿಯಲ್ಲಿ ಕೇಳಿದಳು. ವೃದ್ಧೆ ನಕ್ಕು, “ಅಪ್ಪ ಅವ್ವ ಕನ್ನಡ ಮಾತಾಡ್ತಾರ, ನೀ ಯಾಕ ಹಿಂದಿ ಮಾತಾಡ್ತಿ ತಂಗಿ? ಯಾವೂರು ನಿಂದು?” ಎಂದರು. ಮಗಳು “ದೆಹಲಿ” ಎಂದಳು. ಒಂದು ಕ್ಷಣ ತಡೆದು “ಬಿಜಾಪುರ” ಎಂದಳು. “ಎರಡೂರಿನಾಕಿ ಅನ್ನು!” ಎಂದು ಆಕೆ ಗಂಟು ಬಿಚ್ಚಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಮುಂದಿಟ್ಟರು.

ಅವರು ಅಕ್ಕಲಕೋಟೆಯ ಸೀಮೆಯವರು. ಪುಣೆಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ಮೊಮ್ಮಗನ ವಿಷಯ ಬಂದಾಗ ಅವರ ದನಿ ಇಳಿಯಿತು. “ಮರಾಠಿ ಸಂತಿ ಮಟ್ಟಿಗೆ ನನಗೂ ಬರ್ತದ ಯಪ್ಪಾ. ಆದರ ಕತಿ ಹೇಳಾಕ ಬರೂದಿಲ್ಲ. ನನ್ನ ಕನ್ನಡ ಅವಗ ತಿಳಿಯೂದಿಲ್ಲ. ಇಬ್ಬರೂ ರೊಟ್ಟಿ ತಿಂದು ಸುಮ್ಮ ಕೂಡ್ತೀವಿ” ಎಂದರು. ಮಗಳು ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು. ದೂರವಾಣಿಯಲ್ಲಿ ತನ್ನ ಅಜ್ಜಿಯೊಡನೆ ಅವಳು ಆಡುವುದು “ಹೂಂ”, “ಚೆನ್ನಾಗಿದೀನಿ” ಎಂಬ ಎರಡು ಮಾತುಗಳನ್ನಷ್ಟೇ ಎಂಬುದು ನನಗೆ ಗೊತ್ತಿತ್ತು.

ಬೆಳಗ್ಗೆ ಅವರ ಬಂಡಿ ಪಡುವಣಕ್ಕೆ ಹೊರಟಿತು. ನಾವು ಊರನ್ನು ನೋಡಲು ಹೊರಟೆವು. ಈ ಸೊಲ್ಲಾಪುರವೇ ಹಿಂದಿನ ಸೊನ್ನಲಿಗೆ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನು ಇಲ್ಲಿ ಕೆರೆಯನ್ನು ಕಟ್ಟಿಸಿದನು. “ಕಪಿಲಸಿದ್ಧ ಮಲ್ಲಿಕಾರ್ಜುನ” ಎಂಬ ಅಂಕಿತದಿಂದ ಅವನು ಕನ್ನಡದಲ್ಲಿ ವಚನಗಳನ್ನು ರಚಿಸಿದನು. ರಾಘವಾಂಕನು ಅವನ ಕಥೆಯನ್ನು ‘ಸಿದ್ಧರಾಮ ಚಾರಿತ್ರ’ವೆಂಬ ಕಾವ್ಯವಾಗಿ ಬರೆದನು. ನೀರಿನ ನಡುವೆ ಇರುವ ಸಿದ್ಧೇಶ್ವರನ ಗುಡಿಯ ಮುಂದೆ ನಿಂತಾಗ, ಪಠ್ಯಪುಸ್ತಕದಲ್ಲಿ ಕಂಡ ಹೆಸರಿಗೆ ಒಂದು ನೆಲ ದೊರೆತಂತಾಯಿತು. ಪ್ರತಿವರ್ಷ ಸಂಕ್ರಾಂತಿಯ ಸಮಯದಲ್ಲಿ ಇಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಏಳು ನಂದೀಧ್ವಜಗಳು ಊರಿನ ಸುತ್ತಲಿರುವ 68 ಲಿಂಗಗಳಿಗೆ ಮೆರವಣಿಗೆ ಹೋಗುತ್ತವೆ. ನಮ್ಮ ವಿಜಯಪುರದಲ್ಲಿಯೂ ಅದೇ ಸಮಯದಲ್ಲಿ ಸಿದ್ಧೇಶ್ವರನ ಜಾತ್ರೆ!

ಊರಿನ ನಡುವೆ ನಾಲ್ವರು ಹುತಾತ್ಮರ ಪ್ರತಿಮೆಗಳಿವೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ಈ ನಾಲ್ವರನ್ನು ಬ್ರಿಟಿಷ್ ಸರಕಾರವು 1931ರ ಜನವರಿ 12ರಂದು ಗಲ್ಲಿಗೇರಿಸಿತು. ಹಲವು ಸಮುದಾಯಗಳು ಒಂದಾಗಿ ಬಾಳಿದ ಊರಿದು ಎಂಬುದಕ್ಕೆ ಆ ಹೆಸರುಗಳೇ ಸಾಕ್ಷಿ.

ಹಗಲಿನ ಬಂಡಿಯಲ್ಲಿ ತೆಂಕಣಕ್ಕೆ ಹೊರಟಾಗ ಮತ್ತೆ ಭೀಮೆ ಎದುರಾಯಿತು. ಮೊದಲು ಮುಂಬಯಿ ಆಧಿಪತ್ಯದಲ್ಲಿ ಒಟ್ಟಿಗಿದ್ದ ಈ ಎರಡು ಜಿಲ್ಲೆಗಳು 1956ರ ನವೆಂಬರ್ 1ರಂದು ಬೇರೆಯಾದವು. ವಿಜಯಪುರವು ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಆಡಳಿತಕ್ಕೆ ಗಡಿ ಬೇಕು, ನಿಜ. ಆದರೆ ಮಾತು ಗಡಿಯನ್ನು ಕೇಳಿ ನಿಲ್ಲುವುದಿಲ್ಲ. ಆಡುವವರು ಇರುವವರೆಗೆ ಅದು ಅಕ್ಕಲಕೋಟೆಯಲ್ಲಿಯೂ ಬಾಳುತ್ತದೆ, ಯಮುನೆಯ ದಡದಲ್ಲಿಯೂ ಬಾಳುತ್ತದೆ. ಆಡುವುದನ್ನು ಬಿಟ್ಟರೆ ಒಂದೇ ಮನೆಯ ಅಜ್ಜಿ ಮೊಮ್ಮಕ್ಕಳ ನಡುವೆಯೂ ಗಡಿ ಬೀಳುತ್ತದೆ.

ಸಂಕ್ರಾಂತಿಯಂದು ಸೊಲ್ಲಾಪುರದ ಮರಾಠಿ ಮನೆಗಳಲ್ಲಿ ಎಳ್ಳು ಬೆಲ್ಲ ಕೊಟ್ಟು ಸಿಹಿಯಾಗಿ ಮಾತಾಡಿ ಎನ್ನುತ್ತಾರೆ. ನಾವು ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ ಎನ್ನುತ್ತೇವೆ. ಎರಡು ನುಡಿಗಳ ಹಾರೈಕೆಯೂ ಒಂದೇ. ಆದರೆ ಒಳ್ಳೆಯ ಮಾತನ್ನಾಡಲು ಮೊದಲು ಮಾತು ಬರಬೇಕಲ್ಲವೇ?

ಊರು ಸೇರಿದ ಸಂಜೆ ಮಗಳು ಅಜ್ಜಿಯ ಬಳಿ ಕುಳಿತು ಕಥೆ ಕೇಳಿದಳು. ತಿಳಿಯದ ಶಬ್ದ ಬಂದಾಗಲೆಲ್ಲ ನಿಲ್ಲಿಸಿ ಅರ್ಥ ಕೇಳಿ ಬರೆದುಕೊಂಡಳು: ನೆಲುವು, ಗುಡಾಣ, ಕಣಜ. ರಜೆ ಮುಗಿಯುವ ವೇಳೆಗೆ ಪುಸ್ತಕದಲ್ಲಿ ಮೂವತ್ತೊಂದು ಶಬ್ದಗಳಿದ್ದವು. ಅಜ್ಜಿಯ ಕಥೆ ಮಾತ್ರ ಇನ್ನೂ ಮುಗಿದಿರಲಿಲ್ಲ.

ಅಭ್ಯಾಸ

1. ದೆಹಲಿಯಿಂದ ನಿಮ್ಮ ಊರಿಗೆ ಹೋಗುವ ರೈಲುದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ನಡುವೆ ಸಿಕ್ಕುವ ನದಿಗಳನ್ನು ಕ್ರಮವಾಗಿ ಬರೆಯಿರಿ. ಯಾವುದು ಯಾವ ಕಡಲಿಗೆ ಹರಿಯುತ್ತದೆ?

2. ದೆಹಲಿಯಲ್ಲಿ ಮಂಜು ಕವಿಯಲು ಕಾರಣಗಳೇನು?

3. ಮನೆಯ ಹಿರಿಯರಿಂದ ನೀವು ಕೇಳಿರದ ಹತ್ತು ಕನ್ನಡ ಶಬ್ದಗಳನ್ನು ಸಂಗ್ರಹಿಸಿ, ಅರ್ಥಸಹಿತ ಬರೆಯಿರಿ.