ಬೀಡಿ, ಸಿಗರೇಟು ಬಿಡುವ ಮೊದಲ ತಿಂಗಳು: ಹಂತ ಹಂತವಾಗಿ

ಸೇದುವುದು ಕೆಟ್ಟದ್ದೆಂದು ಸೇದುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ಯಾಕಿನ ಮೇಲಿನ ಚಿತ್ರವನ್ನು ಅವರು ದಿನವೂ ನೋಡುತ್ತಾರೆ. ಅವರಿಗೆ ಸಿಗದಿರುವುದು ಬಿಡುವ ದಾರಿ. ‘ಮನಸ್ಸು ಗಟ್ಟಿ ಮಾಡು’ ಎಂದಷ್ಟೇ ಹೇಳಿ ಮನೆಯವರು ಸುಮ್ಮನಾಗುತ್ತಾರೆ. ನಿಕೋಟಿನ್ ಚಟಕ್ಕೆ ಅದೊಂದೇ ಸಾಲದು, ಮೊದಲೇ ತಯಾರಿ ಬೇಕು.

ಹಂತ 1: ನಿಮ್ಮ ಕಾರಣ ಬರೆದಿಡಿ

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ತಲುಪುತ್ತದೆ. ಚಟ ಹಿಡಿಸುವುದು ಅದು. ದೇಹವನ್ನು ಕೆಡಿಸುವುದು ಹೆಚ್ಚಾಗಿ ಅದರ ಜೊತೆಗೆ ಒಳಹೋಗುವ ಹೊಗೆ. ಅದರಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಸುಮಾರು 70 ಕ್ಯಾನ್ಸರ್ ತರುವಂಥವು. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ. ಹೃದಯಾಘಾತ, ಲಕ್ವ, ಮೆಟ್ಟಿಲು ಹತ್ತಲಾಗದ ದಮ್ಮು, ಎಲ್ಲಕ್ಕೂ ಇದು ದಾರಿ.

ಬೀಡಿ ಎಲೆಯದ್ದಲ್ಲವೇ, ಅಷ್ಟು ಕೆಟ್ಟದ್ದಲ್ಲ ಎನ್ನುವವರು ಹಳ್ಳಿಗಳಲ್ಲಿ ಬಹಳ. ಬೀಡಿ ಎಲೆಯ ಮೂಲಕ ಗಾಳಿ ಸರಿಯಾಗಿ ಆಡುವುದಿಲ್ಲ. ಆರಿಹೋಗದಿರಲೆಂದು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ತಂಬಾಕು ಕಡಿಮೆಯಿದ್ದರೂ ಎದೆಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆಯಲ್ಲ.

ಇದರಲ್ಲಿ ನಿಮಗೆ ನಾಟಿದ್ದೇನು? ಮಗುವಿಗೆ ತಾಗುವ ಹೊಗೆಯೇ, ಬೆಳಗಿನ ಕೆಮ್ಮೇ, ದುಡ್ಡೇ? ಒಂದಕ್ಕೆ 20 ರೂಪಾಯಿಯಂತೆ ದಿನಕ್ಕೆ ಹತ್ತು ಸಿಗರೇಟು ಎಂದರೆ ವರ್ಷಕ್ಕೆ 73,000 ರೂಪಾಯಿ. ಒಂದೇ ಕಾರಣವಾದರೂ ಸರಿ, ಸ್ವಂತದ್ದನ್ನು ಬರೆದು ಪರ್ಸಿನಲ್ಲಿಡಿ.

ಹಂತ 2: ಎರಡು ದಿನ ಲೆಕ್ಕ ಬರೆಯಿರಿ

ಬಿಡುವ ಮೊದಲು ಪ್ರತಿ ಸಲ ಹಚ್ಚುವಾಗ ಹೊತ್ತು, ಜಾಗ, ಜೊತೆಗಿದ್ದವರು ಯಾರು ಎಂದು ಮೊಬೈಲಿನಲ್ಲಿ ಗುರುತು ಹಾಕಿ. ಗೂಡಂಗಡಿಯ ಮುಂದೆ ಅರ್ಧ ಟೀ ಕೈಗೆ ಬಂದಾಕ್ಷಣ ಇನ್ನೊಂದು ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಇಲ್ಲವೇ ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರಿನ ಕಡೆಗೆ. ಆಗ ಬೇಕಿದ್ದದ್ದು ಟೀ ಮಾತ್ರ. ಇಂಥ ಜಾಗಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ.

ಹಂತ 3: ದಿನ ಗೊತ್ತು ಮಾಡಿ

ಎರಡು ವಾರದೊಳಗಿನ ಒಂದು ದಿನ. ‘ಬರುವ ಯುಗಾದಿಯಿಂದ’ ಎಂದರೆ ಬಿಟ್ಟಂತಾಗುವುದಿಲ್ಲ. ಹಿಂದಿನ ರಾತ್ರಿ ಪ್ಯಾಕು, ಲೈಟರ್, ಆಶ್‌ಟ್ರೇ, ಬೈಕಿನ ಡಿಕ್ಕಿಯಲ್ಲಿರುವ ಒಂದೆರಡು ಬೀಡಿ, ಎಲ್ಲ ಕಸಕ್ಕೆ. ಮನೆಯಲ್ಲಿ ಹೇಳಿ. ಟೀ ಅಂಗಡಿಯವರಿಗೂ ಹೇಳಿ: “ಅಣ್ಣಾ, ನಾಳೆಯಿಂದ ನಾನು ಕೇಳಿದರೂ ಕೊಡಬೇಡಿ.”

ಹಂತ 4: ನೆರವು ತೆಗೆದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಹಚ್ಚುವವರ ಚಟ ಗಟ್ಟಿಯದು. ಅವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ವೈದ್ಯರನ್ನು ಕೇಳಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಯಾವುದಕ್ಕೂ ಮೊದಲು ವೈದ್ಯರನ್ನೇ ಕಾಣಬೇಕು. ಗಮ್ ಅನ್ನು ಚೂಯಿಂಗ್ ಗಮ್ಮಿನ ಹಾಗೆ ಸತತವಾಗಿ ಜಗಿದರೆ ಹೊಟ್ಟೆ ತೊಳೆಸುತ್ತದೆ. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಜಗಿದು, ದವಡೆಯ ಪಕ್ಕ ಒತ್ತರಿಸಿಡಿ. ಚುರುಕು ಇಳಿದ ಮೇಲೆ ಮತ್ತೆ ಜಗಿಯಿರಿ. ಕಾಫಿ, ಹಣ್ಣಿನ ರಸ ಕುಡಿದು ಕಾಲು ಗಂಟೆ ಕಳೆಯುವ ತನಕ ಗಮ್ ಬೇಡ, ಮದ್ದು ಒಳಗೆ ಇಳಿಯುವುದಿಲ್ಲ.

ಗುಟ್ಕಾ, ಹುಕ್ಕಾಗಳಿಗೆ ಬದಲಾಯಿಸಿಕೊಂಡರೆ ಬಿಟ್ಟಂತಲ್ಲ. ಇ-ಸಿಗರೇಟು ಭಾರತದಲ್ಲಿ 2019ರಿಂದಲೇ ನಿಷೇಧ.

ಹಂತ 5: ಮೊದಲ ಮೂರು ದಿನ

ಇವೇ ಅತಿ ಕಷ್ಟದವು. ಸಿಡುಕು, ತಲೆನೋವು, ನಿದ್ದೆಗೇಡು, ಮಲಬದ್ಧತೆ ಬರುತ್ತವೆ. ಇವು ಕಾಯಿಲೆಯಲ್ಲ, ನಿಕೋಟಿನ್ ದೇಹದಿಂದ ಹೊರಟಿದೆ ಎಂಬುದಕ್ಕೆ ಸಾಕ್ಷಿ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತವೆ. ಆಸೆ ಉಕ್ಕಿ ಬಂದರೂ ಕೆಲವೇ ನಿಮಿಷದಲ್ಲಿ ತಗ್ಗುತ್ತದೆ. ಅಷ್ಟು ಹೊತ್ತು ನೀರು ಗುಟುಕರಿಸಿ, ನಾಲ್ಕು ಹೆಜ್ಜೆ ನಡೆಯಿರಿ, ಸೋಂಪು ಅಗಿಯಿರಿ, ಯಾರಿಗಾದರೂ ಫೋನ್ ಮಾಡಿ.

ಕಾಫಿಯನ್ನು ಅರ್ಧಕ್ಕಿಳಿಸಿ. ಹೊಗೆಯಲ್ಲಿರುವ ವಸ್ತುಗಳ ದೆಸೆಯಿಂದ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ಎದೆ ಡವಗುಟ್ಟಿ, ರಾತ್ರಿ ನಿದ್ದೆ ಕೆಡುತ್ತದೆ. ‘ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದು ಮತ್ತೆ ಹಚ್ಚುವವರಿಗೆ ಈ ವಿಷಯ ಗೊತ್ತಿರುವುದಿಲ್ಲ.

ಹಂತ 6: ಎರಡನೇ ವಾರದಿಂದ

ದೇಹ ಸುಧಾರಿಸಿದೆ, ಈಗ ಅಪಾಯವಿರುವುದು ‘ಒಂದೇ ಒಂದು’ ಎಂಬಲ್ಲಿ. ಮದುವೆ ಮನೆಯ ಹಿತ್ತಿಲು, ಗೆಳೆಯರ ಪಾರ್ಟಿ, ಕಚೇರಿಯ ಒತ್ತಡ. ಮೊದಲ ತಿಂಗಳು ಕುಡಿಯುವ ಕೂಟಗಳಿಗೆ ಹೋಗದಿರುವುದೇ ಒಳ್ಳೆಯದು. ನಾಲ್ಕೈದು ಕಿಲೋ ತೂಕ ಏರಬಹುದು. ಅದನ್ನು ಆಮೇಲೆ ಇಳಿಸಿಕೊಳ್ಳಬಹುದು, ಅದಕ್ಕೆ ಹೆದರಿ ಮತ್ತೆ ಸೇದಬೇಡಿ. ಒಂದು ವರ್ಷ ಬಿಟ್ಟರೆ, ಸೇದುವುದರಿಂದ ಬಂದ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು. ಮದ್ದಿನ ಪ್ರಮಾಣ ಬದಲಾಗಬಹುದು.

ಎಡವಿ ಒಂದು ಸೇದಿದರೆ ಉಳಿದದ್ದನ್ನು ನೀರಿಗೆ ಅದ್ದಿ ಎಸೆಯಿರಿ. ಯಾವ ಗಳಿಗೆಯಲ್ಲಿ, ಯಾರ ಜೊತೆ ಸೇದಿದಿರಿ ಎಂದು ಲೆಕ್ಕಕ್ಕೆ ಬರೆದುಕೊಂಡು, ಅವತ್ತೇ ಸಹಾಯವಾಣಿಗೆ ಕರೆ ಮಾಡಿ.