ಜೂನ್ ತಿಂಗಳ ರೊಕ್ಕ

ಜೂನ್ ತಿಂಗಳಲ್ಲಿ ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ರೊಕ್ಕ ಇರುವುದಿಲ್ಲ. ಇದ್ದದ್ದೆಲ್ಲ ಬೀಜಕ್ಕೆ, ಗೊಬ್ಬರಕ್ಕೆ, ಗಳೇದ ಬಾಡಿಗೆಗೆ ಹೋಗಿರುತ್ತದೆ. ಸಾಲಿ ಶುರುವಾಗುವುದೂ ಆಗಲೇ. ನವೆಂಬರಿನಲ್ಲಿ ತಂಬಾಕು, ಕಬ್ಬು ಹೊಲದಲ್ಲಿ ನಿಂತಿರುತ್ತವೆ, ಕಿಸೆ ಖಾಲಿ ಇರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಫೀ ಕಟ್ಟುವ ದಿನಗಳು ಅವೇ. ಹುಕ್ಕೇರಿ ತಾಲ್ಲೂಕಿನ ದಡ್ಡಿಯ ಸುತ್ತಲಿನ ಹಳ್ಳಿಗಳಿಂದ 1980ರ ದಶಕದ ಆರಂಭದಲ್ಲಿ ಹೈಸ್ಕೂಲಿಗೆ ನಡೆದುಕೊಂಡು ಬರುತ್ತಿದ್ದ ನಮ್ಮಲ್ಲಿ ಯಾರು ಮುಂದೆ ಓದಿದರು, ಯಾರು ಬಿಟ್ಟರು ಎಂಬುದನ್ನು ಈ ಎರಡು ತಿಂಗಳುಗಳೇ ತೀರ್ಮಾನ ಮಾಡಿದವು. ಜಾಣತನಕ್ಕೂ ಅದಕ್ಕೂ ಬಹಳ ಸಂಬಂಧವಿರಲಿಲ್ಲ.

ಇದು ನನಗೆ ಮನದಟ್ಟಾದದ್ದು ನಾಲ್ಕು ದಶಕದ ಮೇಲೆ, ನಮ್ಮ ಬ್ಯಾಚಿನ ಗುರುವಂದನೆ ಮತ್ತು ಸ್ನೇಹ ಸಮ್ಮಿಲನದ ದಿನ. ಗಣಿತದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕುತ್ತಿದ್ದ ಗೆಳೆಯ ಹತ್ತನೆಯ ತರಗತಿಯ ನಡುವೆ ಸಾಲಿ ಬಿಟ್ಟು ಇಚಲಕರಂಜಿಯ ಮಗ್ಗಕ್ಕೆ ಹೋಗಿದ್ದ. ಈಗ ಅಲ್ಲಿ ಸ್ವಂತದ ಪವರ್‌ಲೂಮ್ ಇಟ್ಟುಕೊಂಡಿದ್ದಾನೆ. ಬಡತನದಿಂದ ಓದು ನಿಂತಿತು ಎಂದು ಯಾರೋ ಅವನ ಬಗ್ಗೆ ಮರುಗಿದಾಗ ಅವನೇ ತಿದ್ದಿದ: “ಮನ್ಯಾಗ ರೊಕ್ಕ ಇರಲಿಲ್ಲ ಅಂತಲ್ಲೋ, ಆ ವಾರದಾಗ ಇರಲಿಲ್ಲ. ಮುಂದ ಎರಡ ತಿಂಗಳಿಗೆ ತಂಬಾಕ ಮಾರಿ ಅಪ್ಪ ರೊಕ್ಕ ತಂದ. ಅಷ್ಟರಾಗ ನಾ ಊರು ಬಿಟ್ಟಿದ್ನಿ.”

ಹಣಕಾಸಿನ ಬಗ್ಗೆ ಇಷ್ಟು ವರ್ಷ ಬರೆದ ನಾನು ಇದಕ್ಕಿಂತ ಸರಿಯಾದ ಮಾತನ್ನು ಎಲ್ಲಿಯೂ ಓದಿಲ್ಲ. ವರ್ಷದ ಆದಾಯ ಎಷ್ಟು ಎಂದು ಕೇಳುವವರು ಬಹಳ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ, ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ. ಯಾವ ತಿಂಗಳು ಕೈಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಅದೇ ಗೆಳೆಯನ ಮನೆಯ ವಾರ್ಷಿಕ ಆದಾಯ ನಮ್ಮ ಮನೆಯದಕ್ಕಿಂತ ಹೆಚ್ಚೇ ಇತ್ತು. ಅವರಿಗೆ ಹೊಳೆದಂಡೆಯ ಹೊಲವಿತ್ತು. ನಮಗೆ ಇದ್ದದ್ದು ಒಬ್ಬ ಮಾವ, ಅವ್ವನ ತಮ್ಮ. ಅವರು ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. 1887ರಿಂದ ಘಟಪ್ರಭೆಯ ನೀರಿನ ಬಲದಲ್ಲಿ ನೂಲು ತೆಗೆದ ಆ ಗೋಕಾಕ ಮಿಲ್ಸ್ ನಮ್ಮ ಭಾಗದ ಎಷ್ಟೋ ಮನೆತನಗಳಿಗೆ ಕೊಟ್ಟದ್ದು ದೊಡ್ಡ ಸಂಪತ್ತನ್ನಲ್ಲ, ತಪ್ಪದೆ ಬರುವ ತಿಂಗಳ ಪಗಾರವನ್ನು. ನನ್ನ ಪರೀಕ್ಷೆ ಫೀ ಹೋದದ್ದು ಆ ಪಗಾರದಿಂದ. ನಮ್ಮ ಬಳಗದಲ್ಲಿ ಒಬ್ಬರಿಗಾದರೂ ಮಿಲ್ಲಿನ ನೌಕರಿ ಇತ್ತು, ಗೆಳೆಯನ ಬಳಗದಲ್ಲಿ ಇರಲಿಲ್ಲ. ನನಗೂ ಅವನಿಗೂ ಇದ್ದ ವ್ಯತ್ಯಾಸ ಅಷ್ಟೆ.

ಆಗಿನ ದಿನಗಳನ್ನು ನೆನೆದರೆ ತಂಬಾಕಿನ ಸುದ್ದಿ ತಾನಾಗಿ ಬರುತ್ತದೆ. ವ್ಯಾಪಾರಿ ಮಾಲು ಒಯ್ದು ರೊಕ್ಕವನ್ನು ಕಂತಿನಲ್ಲಿ ಕೊಡುವುದು ವಾಡಿಕೆಯಾಗಿತ್ತು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತರು. ಆ ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಕಬ್ಬಿಗಾದರೂ ಕಾನೂನು ಉಂಟು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸಾಗಿಸಿದ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತಾಗ, ಕೊನೆಗೆ ಸರ್ಕಾರ 3,300ಕ್ಕೆ ಒಪ್ಪಿಸಿದಾಗ, ನಾಡೆಲ್ಲ ದರದ ಬಗ್ಗೆ ಮಾತಾಡಿತು. ಮಾತಾಡಬೇಕಾದದ್ದೇ. ಆದರೆ ಓದುವ ಮಗು ಇರುವ ಮನೆಗೆ ಬಿಲ್ಲು ಯಾವ ದಿನ ಖಾತೆಗೆ ಬೀಳುತ್ತದೆ ಎಂಬುದು ದರದಷ್ಟೇ ಮುಖ್ಯ.

ನಮ್ಮ ತರಗತಿಯಲ್ಲಿ ಹಿಡಕಲ್ ಡ್ಯಾಮಿನ ಮುಳುಗಡೆಯವರ ಮಕ್ಕಳೂ ಇದ್ದರು. ಘಟಪ್ರಭೆಗೆ ಕಟ್ಟಿದ ಆ ಜಲಾಶಯ 1977ರಲ್ಲಿ ಮುಗಿದಿತ್ತು, ಪರಿಹಾರದ ಹಣ ಕೈಗೆ ಬಂದಿತ್ತು. ಅಂಥ ಒಂದು ಮನೆಯ ಹುಡುಗ ಎಂಟನೆಯ ತರಗತಿಯಲ್ಲಿ ಟೆರಿಕಾಟ್ ಅಂಗಿ ಹಾಕಿ ಬರುತ್ತಿದ್ದ, ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಹತ್ತಕ್ಕೆ ಬರುವಷ್ಟರಲ್ಲಿ ಅಕ್ಕಂದಿರ ಮದುವೆ ಮುಗಿದು, ಕೈಗಡ ಕೊಟ್ಟದ್ದು ಮರಳಿ ಬಾರದೆ, ಅವನು ರಜೆಯಲ್ಲಿ ಕೂಲಿಗೆ ಹೋಗುತ್ತಿದ್ದ. ಹೊಲ ವರ್ಷವರ್ಷ ಕೊಡುತ್ತಿತ್ತು, ಪರಿಹಾರ ಒಂದೇ ಸಲ ಕೊಟ್ಟಿತು. ಒಂದೇ ಸಲ ಬಂದ ಹಣವನ್ನು ವರ್ಷವರ್ಷ ಬರುವ ಹಣವನ್ನಾಗಿ ಮಾಡುವುದು ಹೇಗೆಂದು ಆ ಮನೆಗೆ ಯಾರೂ ಹೇಳಿಕೊಡಲಿಲ್ಲ. ಅವನು ಪುಣೆಯಲ್ಲಿ ಸೆಕ್ಯುರಿಟಿ ಕೆಲಸ ಮಾಡಿ ಮಕ್ಕಳನ್ನು ಓದಿಸಿದ. ಸಮ್ಮಿಲನಕ್ಕೆ ರಜೆ ಸಿಗಲಿಲ್ಲ, ಫೋನಿನಲ್ಲೇ ಎಲ್ಲರೊಡನೆ ಮಾತಾಡಿದ.

ಹೆಣ್ಣುಮಕ್ಕಳಲ್ಲಿ ಹತ್ತನೆಯ ತರಗತಿ ಮುಟ್ಟಿದವರೇ ಕೆಲವರು. ಮುಂದಿನ ಬೆಂಚಿನ ಗೆಳತಿ ಒಂಬತ್ತಕ್ಕೆ ನಿಂತಳು, ಮದುವೆಯಾಯಿತು. 2000ದ ನಂತರ ಸ್ತ್ರೀಶಕ್ತಿ ಸಂಘಗಳು ಹಬ್ಬಿದಾಗ ಅವಳು ತನ್ನ ಊರಿನ ಸಂಘದ ಲೆಕ್ಕದ ಪುಸ್ತಕ ಹಿಡಿದಳು. ಅವರ ಸಂಘದಲ್ಲಿ ಒಂದು ನೇಮವಿದೆ: ಮೇ ಮುಗಿಯುವ ಹೊತ್ತಿಗೆ ಉಳಿತಾಯದ ಒಂದು ಪಾಲನ್ನು ಯಾರಿಗೂ ಸಾಲ ಕೊಡದೆ ಎತ್ತಿಡುವುದು. ಜೂನಿನಲ್ಲಿ ಯಾವ ತಾಯಿ ಮಗುವಿನ ಸಾಲಿಗೆಂದು ಕೇಳಿದರೂ ಅವತ್ತೇ ಕೊಡುವುದು, ಸುಗ್ಗಿಯ ಮೇಲೆ ತೀರಿಸಿಕೊಳ್ಳುವುದು. ನಾನು ಕಂಡ ಎಷ್ಟೋ ಬ್ಯಾಂಕಿನ ಶಿಕ್ಷಣ ಸಾಲದ ಯೋಜನೆಗಳಿಗಿಂತ ಇದು ಮಿಗಿಲು. ಅವಳ ಮಗಳು ಈಗ ಬೆಳಗಾವಿಯಲ್ಲಿ ನರ್ಸ್.

ಇನ್ನು ಸಮ್ಮಿಲನದ ವಿಷಯ. ಈಗ ನಮ್ಮ ಕಡೆ ಊರೂರಲ್ಲಿ ಇಂಥ ಕಾರ್ಯಕ್ರಮಗಳು ನಡೆಯುತ್ತವೆ. ಪೆಂಡಾಲ್, ಶಾಲು, ಹಾರ, ಸ್ಮರಣಿಕೆ, ಊಟ ಎಲ್ಲ ಆಗಬೇಕಾದದ್ದೇ. ನಮಗೆ ಓದು ಕಲಿಸಿದ ಮಾಸ್ತರರಿಗೆ, ಅಕ್ಕೋರಿಗೆ ಶಾಲು ಹೊದಿಸುವಾಗ ನನ್ನ ಕಣ್ಣಲ್ಲೂ ನೀರು ಬಂತು. ಉಳಿದ ಹಣವನ್ನು ಏನು ಮಾಡುವುದೆಂಬ ಮಾತು ಬಂದಾಗ ಎಲ್ಲರ ಬಾಯಲ್ಲೂ ಬಂದದ್ದು ದತ್ತಿನಿಧಿ. ಬ್ಯಾಂಕಿನಲ್ಲಿ ಠೇವಣಿ, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ. ನಾನು ಬೇಡವೆಂದೆ. ಯಾಕೆಂದು ಇಲ್ಲಿ ಬಿಡಿಸಿ ಹೇಳುತ್ತೇನೆ.

1985ರಲ್ಲಿ ಒಬ್ಬರು 1,000 ರೂಪಾಯಿ ದತ್ತಿ ಇಟ್ಟರು ಎನ್ನಿ. ಆಗ ಬ್ಯಾಂಕುಗಳಲ್ಲಿ ಐದು ವರ್ಷ ಮೀರಿದ ಠೇವಣಿಗೆ ಶೇ 11ರ ಬಡ್ಡಿ ಇತ್ತು, ವರ್ಷಕ್ಕೆ 110 ರೂಪಾಯಿ. ಆಗಿನ ಹಳ್ಳಿಯ ಮಗುವಿಗೆ ಅದು ದೊಡ್ಡ ಮೊತ್ತ. ಈಗ ಶೇ 6.5ರ ಬಡ್ಡಿ ಎಂದು ಹಿಡಿದರೆ ಅದೇ ಠೇವಣಿ ಕೊಡುವುದು 65 ರೂಪಾಯಿ. ಆದಾಯ ತೆರಿಗೆ ಲೆಕ್ಕಕ್ಕೆ ಬಳಸುವ ಬೆಲೆ ಏರಿಕೆ ಸೂಚ್ಯಂಕದ ಪ್ರಕಾರ 1985-86ರಿಂದ 2025-26ಕ್ಕೆ ಬೆಲೆಗಳು ಸುಮಾರು 12 ಪಟ್ಟು ಆಗಿವೆ. ಆಗಿನ 110 ರೂಪಾಯಿಯ ಕೆಲಸ ಮಾಡಲು ಈಗ 1,300 ರೂಪಾಯಿ ಬೇಕು. ದಾನಿಯ ಹೆಸರು ಶಾಲೆಯ ಹಲಗೆಯ ಮೇಲೆ ಉಳಿದಿದೆ, ದಾನದ ಬಲ ಉಳಿದಿಲ್ಲ. ಬೆಲೆ ಏರಿಕೆಗೆ ತಕ್ಕಂತೆ ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸುತ್ತ ಹೋಗಬಹುದು. ಆಗ ಎರಡು ಲಕ್ಷದ ಠೇವಣಿಯ 13,000 ಬಡ್ಡಿಯಲ್ಲಿ ಖರ್ಚಿಗೆ ಉಳಿಯುವುದು ಐದಾರು ಸಾವಿರ. ಅದಕ್ಕಿಂತ ನಲವತ್ತು ಜನ ಪ್ರತಿ ವರ್ಷ ತಲಾ 1,000 ರೂಪಾಯಿ ಕೊಟ್ಟರೆ 40,000 ಆಗುತ್ತದೆ, ಅಷ್ಟನ್ನೂ ಆ ವರ್ಷವೇ ಮಕ್ಕಳಿಗೆ ಖರ್ಚು ಮಾಡಬಹುದು. ನಮ್ಮ ವಯಸ್ಸಿನವರಿಗೆ ಇನ್ನೂ ಹತ್ತು ಹದಿನೈದು ವರ್ಷ ಇದು ಭಾರವಲ್ಲ.

ಇನ್ನೊಂದು ಕಾರಣ, ನನಗೆ ಹೆಚ್ಚು ಮುಖ್ಯವಾದದ್ದು. ಬಹುಮಾನ ಹೋಗುವುದು ಪರೀಕ್ಷೆ ಬರೆದು ಗೆದ್ದ ಮಗುವಿಗೆ. ನಮ್ಮ ಗಣಿತದ ಗೆಳೆಯನಿಗೆ ಯಾವ ದತ್ತಿಯೂ ಮುಟ್ಟುತ್ತಿರಲಿಲ್ಲ, ಅವನು ಪರೀಕ್ಷೆಗೇ ಕೂಡಲಿಲ್ಲವಲ್ಲ. ಫೀ ತುಂಬದವರ ಹೆಸರು ಓದಿ ಹೊರಗೆ ನಿಲ್ಲಿಸಿದ ಆ ಬೆಳಗು ಅವನಿಗೆ ಇವತ್ತಿಗೂ ನೆನಪಿದೆ, ನನಗೂ.

ಕಾಲ ಸುಧಾರಿಸಿದೆ, ಅದನ್ನು ಒಪ್ಪಲೇಬೇಕು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಬಂತು, 2007ರಿಂದ ಹೈಸ್ಕೂಲಿಗೂ ಬಿಸಿಯೂಟ ಬಂತು. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಸ್ಕಾಲರ್‌ಶಿಪ್ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಬಿಟ್ಟುಹೋದವರು ಖಾಸಗಿಯಾಗಿಯೂ ಬರೆಯಬಹುದು. ಈಗ ಕಷ್ಟ ಹತ್ತರ ಬಾಗಿಲಿನಲ್ಲಿ ಕಡಿಮೆ, ಅದರ ಆಚೆ ಹೆಚ್ಚು. ಫಲಿತಾಂಶ ಬಂದ ಮೇಲೆ ಪಿಯುಸಿಗೋ ಐಟಿಐಗೋ ಡಿಪ್ಲೊಮಾಕ್ಕೋ ಪ್ರವೇಶ, ಸಂಕೇಶ್ವರಕ್ಕೋ ಹುಕ್ಕೇರಿಗೋ ಬಸ್ಸು, ಹಾಸ್ಟೆಲ್ಲಿನ ಮುಂಗಡ ಎಲ್ಲ ಒಟ್ಟಿಗೆ ಬೇಕು. ಸ್ಕಾಲರ್‌ಶಿಪ್ ಖಾತೆಗೆ ಬರುವುದು ತಿಂಗಳುಗಳ ಮೇಲೆ. ಪ್ರವೇಶದ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ.

ಕೊನೆಗೆ ನಮ್ಮ ಬ್ಯಾಚು ಮಾಡಿದ್ದು ಇಷ್ಟು. ಇಬ್ಬರ ಸಹಿ ಬೇಕಾದ ಒಂದು ಜಂಟಿ ಉಳಿತಾಯ ಖಾತೆ ತೆರೆದಿದ್ದೇವೆ. ಮೇ ಒಳಗೆ ಹಣ ಸೇರುತ್ತದೆ. ಯಾವ ಮಗುವಿಗೆ ಬೇಕೆಂದು ಮುಖ್ಯ ಶಿಕ್ಷಕರು ಫೋನ್ ಮಾಡಿ ಹೇಳುತ್ತಾರೆ, ಅರ್ಜಿ ಇಲ್ಲ. ಹಣ ಅವತ್ತೇ ಹೋಗುತ್ತದೆ. ಮಗುವಿನ ಹೆಸರು ವೇದಿಕೆಯ ಮೇಲೆ ಬರುವುದಿಲ್ಲ, ವಾಟ್ಸಾಪ್ ಗ್ರೂಪಿನಲ್ಲೂ ಬರುವುದಿಲ್ಲ. ಜಮಾ ಖರ್ಚು ಮಾತ್ರ ಪೈಸೆ ಪೈಸೆ ಎಲ್ಲರಿಗೂ ತಿಳಿಯುತ್ತದೆ. ಗೆಳತಿಯ ಸಂಘದ ನೇಮವನ್ನೇ ನಾವು ಎತ್ತಿಕೊಂಡದ್ದು. ಲೆಕ್ಕ ಇಡುವವನು ಇಚಲಕರಂಜಿಯ ಗೆಳೆಯ.

ನಿಮ್ಮ ಬ್ಯಾಚಿನವರೂ ಈ ವರ್ಷ ಸೇರುವುದಿದ್ದರೆ, ದಿನಾಂಕವನ್ನು ದೀಪಾವಳಿಗೆ ಇಡಬೇಡಿ, ಮೇ ತಿಂಗಳಿಗೆ ಇಡಿ. ಸಾಲಿ ತೆರೆಯುವ ಮುಂಚೆ ಹಣ ಸೇರಲಿ. ಸೇರುವುದಕ್ಕೆ ಆಗದಿದ್ದರೆ, ನೀವು ಓದಿದ ಶಾಲೆಗೆ ಒಂದು ಫೋನ್ ಮಾಡಿ ಈ ಜೂನಿನಲ್ಲಿ ಯಾರಿಗೆ ತುರ್ತಿದೆ ಎಂದು ಕೇಳಿ, ಆ ವಾರವೇ ಕಳಿಸಿ.